ಹಕ್ಕಿ ನಂಬುವ ಹಿತ್ತಲು



ನಮ್ಮ ದುದ್ದ ಹೋಬಳಿಯ ಊರುಗಳಲ್ಲಿ ಮನೆಯ ಹಿಂದೆ ಹಿತ್ತಲು ಇನ್ನೂ ಉಳಿದಿದೆ. ದೊಡ್ಡದೇನಲ್ಲ. ನಾಲ್ಕು ತೆಂಗು, ಒಂದು ನುಗ್ಗೆ, ಒಂದು ಕರಿಬೇವು. ಬಚ್ಚಲ ನೀರು ಹರಿಯುವ ಕಡೆ ಬಾಳೆ. ಪಕ್ಕದಲ್ಲಿ ತಿಪ್ಪೆ. ಅದರಾಚೆ ಬೇಲಿ. ಪೇಟೆಯವರು ಇದನ್ನು ತೋಟ ಎಂದು ಒಪ್ಪಲಾರರು. ಹಕ್ಕಿಗಳಿಗೆ ಅಂಥ ತಕರಾರಿಲ್ಲ. ಈ ಹೊತ್ತಿನ ನನ್ನ ಮಾತು ಆ ಹಿತ್ತಲನ್ನು ಕುರಿತದ್ದು. ಅಲ್ಲಿಗೆ ಹಕ್ಕಿ ಬರಬೇಕು. ಬಂದ ಹಕ್ಕಿ ಬದುಕಿ ಹೋಗಬೇಕು. ಅದಕ್ಕೆ ನಾವೇನು ಮಾಡಬೇಕು?

ಬರಿಸಿಕೊಳ್ಳುವುದು ಸುಲಭ. ಒಂದು ಹಿಡಿ ಕಾಳು ಚೆಲ್ಲಿದರೆ ಸಾಕು. ಆದರೆ ಬಲೆ ಒಡ್ಡುವವನೂ ಕಾಳನ್ನೇ ಚೆಲ್ಲುತ್ತಾನೆ. ಮನೆಯಲ್ಲಿ ಬೆಕ್ಕು, ಕಿಟಕಿಗೆ ಕನ್ನಡಿಯಂಥ ಗಾಜು, ಗಿಡಕ್ಕೆ ವಿಷ. ಇಷ್ಟೆಲ್ಲ ಇಟ್ಟುಕೊಂಡು ಹಕ್ಕಿಯನ್ನು ಕರೆದರೆ ನಮಗೂ ಅವನಿಗೂ ಹೆಚ್ಚು ವ್ಯತ್ಯಾಸ ಉಳಿಯುವುದಿಲ್ಲ. ಆದ್ದರಿಂದ ಮೊದಲು ಅಪಾಯ ತೆಗೆಯೋಣ. ಕಾಳಿನ ಮಾತು ಕೊನೆಗಿರಲಿ.

ಅದಕ್ಕೆ ಮುಂಚೆ ನಮ್ಮ ಮಂಡ್ಯ ಜಿಲ್ಲೆಯದೇ ಒಂದು ಊರಿಗೆ ಹೋಗಿ ಬರೋಣ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಬೆಂಗಳೂರು–ಮೈಸೂರು ರಸ್ತೆಯ ರುದ್ರಾಕ್ಷಿಪುರದಿಂದ ಒಳಕ್ಕೆ ಹತ್ತು ಹನ್ನೆರಡು ಕಿಲೋಮೀಟರ್. ಸಮೀಪದಲ್ಲೇ ಶಿಂಷಾ ಹೊಳೆ. ನೋಡದವರಿಗಾಗಿ ಹೇಳುತ್ತೇನೆ. ಅದು ಕಾಡಲ್ಲ. ರಂಗನತಿಟ್ಟಿನ ಹಾಗೆ ಹೊಳೆ ನಡುವಿನ ನಡುಗಡ್ಡೆಯೂ ಅಲ್ಲ. ಮನೆಗಳಿವೆ, ಬೀದಿಯಿದೆ. ಹುಲ್ಲಿನ ಮೆದೆ, ಕಟ್ಟಿದ ದನ, ಆಡುವ ಮಕ್ಕಳು ಎಲ್ಲ ಇವೆ. ಇವುಗಳ ನೆತ್ತಿಯ ಮೇಲೆ ಹುಣಸೆ ಮರಗಳು. ಮರದ ತುಂಬ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆ. ಹೆಜ್ಜಾರ್ಲೆ ರೆಕ್ಕೆ ಬಿಚ್ಚಿದರೆ ಎರಡು ಮೀಟರಿಗೂ ಮಿಗಿಲು. ಬೂದು ಬಿಳುಪಿನ ಮೈ. ಮೊಳದುದ್ದಕ್ಕೆ ಸ್ವಲ್ಪ ಕಡಿಮೆಯಾದ ಕೊಕ್ಕು. ಅದರ ಕೆಳಗೆ ಮೀನು ಗೋರಲು ಜೋತುಬಿದ್ದ ಚರ್ಮದ ಚೀಲ. ಬಣ್ಣದ ಕೊಕ್ಕರೆಗೆ ಹಳದಿ ಕೊಕ್ಕು, ಬಾಲದ ಹತ್ತಿರ ಗುಲಾಬಿ ಬಣ್ಣದ ಗರಿ. ಮಳೆಗಾಲ ಮುಗಿದ ಮೇಲೆ ಬರುತ್ತವೆ. ಗೂಡು ಕಟ್ಟಿ, ಮರಿ ಮಾಡಿ, ಮುಂದಿನ ಮಳೆ ಹಿಡಿಯುವ ಹೊತ್ತಿಗೆ ಹೊರಡುತ್ತವೆ.

ಇಷ್ಟು ದೊಡ್ಡ ಹಕ್ಕಿ, ಆಡುವ ಮಕ್ಕಳ ತಲೆಯ ಮೇಲೆ ಯಾಕೆ ಗೂಡು ಕಟ್ಟಬೇಕು? ಅಲ್ಲಿ ಮೀನು ಇಲ್ಲ. ಮೀನಿಗೆ ಅವು ಸುತ್ತಲ ಕೆರೆಗಳಿಗೇ ಹಾರಬೇಕು. ಊರಿನಲ್ಲಿ ಇರುವುದು ಒಂದೇ. ಹೆದರಿಕೆ ಇಲ್ಲದ ಮರ. ಕಲ್ಲು ಹೊಡೆಯುವವರಿಲ್ಲ, ಬಂದೂಕು ತರುವವರಿಲ್ಲ, ಮೊಟ್ಟೆಗೆ ಕೈ ಹಾಕುವವರಿಲ್ಲ. ಹೊರಗಿನವರು ಬಂದು ಕೀಟಲೆ ಮಾಡಿದರೆ ಊರಿನ ಹೆಂಗಸರೇ ಬಾಯಿ ಮಾಡುತ್ತಾರೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಇವು ಎಂದು ಆ ಊರಿನವರ ಮಾತು. 1916ರ ಸುಮಾರಿಗೆ ಪ್ಲೇಗು ಬಂದಾಗ ಊರು ಹೊಳೆ ದಂಡೆಯಿಂದ ಈಗಿನ ಜಾಗಕ್ಕೆ ಎದ್ದು ಬಂತಂತೆ. ಹಕ್ಕಿಗಳೂ ಹಿಂದೆಯೇ ಬಂದವಂತೆ. ಹೀಗೆಂದು ಹಿರಿಯರು ಹೇಳುತ್ತ ಬಂದಿದ್ದಾರೆ.

ಹೊರಗಿನವರಿಗೆ ಇದು ಗೊತ್ತಾದದ್ದು ತಡವಾಗಿ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ್ ಅವರು ಈ ಊರಿನ ಹಕ್ಕಿಗಳನ್ನು ಗುರುತಿಸಿ ಬರೆದರು. ರಂಗನತಿಟ್ಟು 1940ರಲ್ಲೇ ಪಕ್ಷಿಧಾಮವಾಗಿತ್ತು. ಸಲೀಂ ಅಲಿ ಅವರು ಮೈಸೂರು ಸಂಸ್ಥಾನದ ಹಕ್ಕಿಗಳನ್ನು ಸಮೀಕ್ಷೆ ಮಾಡುತ್ತ ಬಂದು ಮಹಾರಾಜರಿಗೆ ಸಲಹೆ ಕೊಟ್ಟಿದ್ದರ ಫಲ ಅದು. ಬೆಳ್ಳೂರಿಗೆ ಅಂಥ ಆಜ್ಞೆಯೇನೂ ಇರಲಿಲ್ಲ. 1994ರಲ್ಲಿ ಊರಿನ ಯುವಕರೇ ಹೆಜ್ಜಾರ್ಲೆ ಬಳಗ ಕಟ್ಟಿಕೊಂಡರು. ಮೈಸೂರಿನ ಹವ್ಯಾಸಿ ನಿಸರ್ಗ ಪ್ರೇಮಿಗಳ ತಂಡ ಜೊತೆಗಿತ್ತು. ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ, ಮೀನು ತಿನ್ನಿಸಿ, ರೆಕ್ಕೆ ಬಲಿಯುವ ತನಕ ಸಾಕಿ ಬಿಡುವುದು ಅವರ ಕೆಲಸ. 2007ರಲ್ಲಿ ಸರ್ಕಾರ ಆ ಜಾಗವನ್ನು ಸಮುದಾಯ ಮೀಸಲು ಎಂದು ಸಾರಿತು.

ಒಂದು ಮಾತನ್ನು ಮುಚ್ಚಿಡಬಾರದು. ಆ ಮರಗಳ ಕೆಳಗೆ ವಾಸನೆ ಇದೆ. ಮೀನಿನ ವಾಸನೆ, ಹಿಕ್ಕೆಯ ವಾಸನೆ. ಹುಣಸೆ ಫಸಲೂ ಕೈಗೆ ಬರುವುದಿಲ್ಲ. ಅದಕ್ಕೆ ಅರಣ್ಯ ಇಲಾಖೆ ಮರದ ಲೆಕ್ಕದಲ್ಲಿ ಒಂದಿಷ್ಟು ಪರಿಹಾರ ಕೊಡುತ್ತದೆ. ಊರಿನವರಿಗೂ ಒಂದು ಉಪಾಯವಿದೆ. ಮರದ ಬುಡದಲ್ಲಿ ಗುಂಡಿ ತೋಡಿ, ಹಿಕ್ಕೆಯನ್ನು ಕೆರೆಗೋಡಿನ ಜೊತೆ ಬೆರೆಸಿ, ಗದ್ದೆಗೆ ಗೊಬ್ಬರ ಮಾಡುತ್ತಾರೆ. ಹಕ್ಕಿಯನ್ನು ಸಾಕುವುದು ಪುಣ್ಯದ ಕೆಲಸ ಎಂದು ಭಾಷಣ ಮಾಡುವುದು ಸುಲಭ. ಬಟ್ಟೆ ಒಣಹಾಕಿದ ಕಡೆ ಹಿಕ್ಕೆ ಬಿದ್ದರೂ ಸುಮ್ಮನಿರುವುದು ಅಷ್ಟು ಸುಲಭವಲ್ಲ. ಬೆಳ್ಳೂರಿನವರಲ್ಲಿ ನನಗೆ ದೊಡ್ಡದಾಗಿ ಕಂಡದ್ದು ಆ ಸುಮ್ಮನಿರುವಿಕೆ.

ಈವರೆಗೆ ಹೇಳಿದ್ದು ಇಷ್ಟು. ಹಕ್ಕಿ ಬರುವುದು ಮೊದಲು ನಿರ್ಭಯಕ್ಕೆ. ಇದನ್ನು ಒಂದು ಇಡೀ ಊರೇ ತೋರಿಸಿಕೊಟ್ಟಿದೆ. ಈಗ ನಮ್ಮ ಹಿತ್ತಲಿಗೆ ಬರೋಣ. ಅಲ್ಲಿರುವ ಭಯಗಳು ಯಾವುವು?

ಮೊದಲನೆಯದು ಬೆಕ್ಕು. ಬೆಕ್ಕು ಸಾಕಿದವರು ಬೇಸರ ಮಾಡಿಕೊಳ್ಳಬೇಡಿ. ಹೊಟ್ಟೆ ತುಂಬಿದ ಬೆಕ್ಕೂ ಹಕ್ಕಿ ಹಿಡಿಯುತ್ತದೆ. ಹಸಿವಿಗಲ್ಲ, ಅದರ ಹುಟ್ಟುಗುಣ. ನೆಲದಲ್ಲಿ ಮೇಯುವ ಹರಟೆಮಲ್ಲ, ಮಡಿವಾಳ ಹಕ್ಕಿ, ಆಗತಾನೆ ಹಾರಲು ಕಲಿತ ಪಿಕಳಾರದ ಮರಿ ಇವೇ ಮೊದಲು ಸಿಕ್ಕಿಬೀಳುವುದು. ಬೆಳಗಿನ ಜಾವ ಮತ್ತು ಸಂಜೆ ಬೆಕ್ಕನ್ನು ಒಳಗೆ ಇಟ್ಟುಕೊಳ್ಳಿ. ಬೇಸಿಗೆಯಲ್ಲಿ, ಗೂಡುಗಳಿರುವ ಕಾಲದಲ್ಲಿ, ಇದು ಇನ್ನೂ ಮುಖ್ಯ. ಗೂಡಿರುವ ಮರದ ಬೊಡ್ಡೆಗೆ ಆಳೆತ್ತರದಲ್ಲಿ ಒಂದು ತಗಡು ಸುತ್ತಿದರೆ ಬೆಕ್ಕು ಮಾತ್ರವಲ್ಲ, ಇಲಿಯೂ ಏರಲಾರದು. ತೆಂಗಿನ ಮರಕ್ಕೆ ಇಲಿ ಹತ್ತದಿರಲೆಂದು ತಗಡು ಹೊಡೆಯುವುದನ್ನು ನೀವು ಕಂಡೇ ಇರುತ್ತೀರಿ. ಅದೇ.

ಎರಡನೆಯದು ಗಾಜು. ಹತ್ತು ಹದಿನೈದು ವರ್ಷದ ಹಿಂದೆ ಹಳ್ಳಿಯ ಮಾತಿನಲ್ಲಿ ಇದನ್ನು ಹೇಳುವ ಅಗತ್ಯವೇ ಇರಲಿಲ್ಲ. ಈಗ ಹೊಸ ಮನೆಗಳ ಮುಂದೆ ಆಳೆತ್ತರದ ಕಪ್ಪುಗಾಜಿನ ಕಿಟಕಿ ಬಂದಿದೆ. ಅದರಲ್ಲಿ ಎದುರಿನ ಹೊಂಗೆ ಮರ, ಆಕಾಶ ಎಲ್ಲ ಕಾಣುತ್ತದೆ. ಹಕ್ಕಿಗೆ ಅದು ಗಾಜೆಂದು ತಿಳಿಯದು. ಹಾರಿ ಬಂದು ಹೊಡೆದುಕೊಳ್ಳುತ್ತದೆ. ಟಪ್ ಎಂದು ಸದ್ದು ಕೇಳಿ ಹೊರಗೆ ಬಂದರೆ ಒಂದು ಹಕ್ಕಿ ನೆಲದಲ್ಲಿ ಬಾಯಿ ತೆರೆದು ಕೂತಿರುತ್ತದೆ. ಒಳಗೆ ಪರದೆ ಹಾಕಿದರೆ ಪ್ರಯೋಜನವಿಲ್ಲ. ಗಾಜಿನ ಹೊರಗೆ, ಮೇಲಿನಿಂದ ಕೆಳಕ್ಕೆ ದಾರಗಳನ್ನು ಇಳಿಬಿಡಿ. ಒಂದು ದಾರಕ್ಕೂ ಇನ್ನೊಂದಕ್ಕೂ ಅಂಗೈ ಅಗಲಕ್ಕಿಂತ ಹೆಚ್ಚು ಜಾಗ ಬಿಡಬೇಡಿ. ಒಂದೇ ಒಂದು ಹಕ್ಕಿಯ ಚಿತ್ರ ಅಂಟಿಸಿದರೆ ಸಾಲದು. ಅದನ್ನು ಬಿಟ್ಟು ಪಕ್ಕದ ಗಾಜಿಗೆ ಬಡಿಯುತ್ತವೆ. ಸುಣ್ಣದ ಗೆರೆ ಎಳೆದರೂ ಆದೀತು, ಮನೆಯ ಯಜಮಾನತಿ ಒಪ್ಪಿದರೆ.

ಮೂರನೆಯದು ದಾರ ಮತ್ತು ಬಲೆ. ಆಷಾಢದ ಗಾಳಿಗೆ ನಮ್ಮ ಕಡೆ ಗಾಳಿಪಟ ಏಳುತ್ತವೆ. ಏಳಲಿ. ಆದರೆ ನೈಲಾನ್ ಮಾಂಜಾ ಬೇಡ. 2017ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅದನ್ನು ದೇಶಕ್ಕೆಲ್ಲ ನಿಷೇಧಿಸಿದೆ. ಪಟ ಕಿತ್ತುಹೋದ ಮೇಲೂ ದಾರ ಕೊಂಬೆಯಲ್ಲಿ ಉಳಿಯುತ್ತದೆ. ಹತ್ತಿಯ ದಾರ ಮಳೆಗೆ ಕೊಳೆಯುತ್ತದೆ. ನೈಲಾನ್ ಕೊಳೆಯುವುದಿಲ್ಲ. ವರ್ಷ ಕಳೆದರೂ ಗೂಬೆಯ ರೆಕ್ಕೆಗೆ, ಬೆಳ್ಳಕ್ಕಿಯ ಕಾಲಿಗೆ ಸುತ್ತಿಕೊಳ್ಳುತ್ತದೆ. ಬೇಲಿಗೆ ಹೊದಿಸಿದ ಹಳೆಯ ಮೀನುಬಲೆಯೂ ಹೀಗೆಯೇ. ಸಪೋಟ ಕಾಯಲು ಬಲೆ ಹಾಕಲೇಬೇಕಾದರೆ ಬಿಗಿಯಾಗಿ ಎಳೆದು ಕಟ್ಟಿ. ಸಡಿಲ ಬಲೆಯಲ್ಲಿ ಹಕ್ಕಿ ಸಿಕ್ಕಿಕೊಳ್ಳುತ್ತದೆ. ಬಿಗಿ ಬಲೆಯ ಮೇಲಿಂದ ಜಾರಿ ಹೋಗುತ್ತದೆ.

ಬೆಕ್ಕು, ಗಾಜು, ದಾರ. ಇವು ಕಣ್ಣಿಗೆ ಕಾಣುವ ಅಪಾಯಗಳು. ಈಗ ಕಾಣದ್ದಕ್ಕೆ ಬರುತ್ತೇನೆ. ಅದು ವಿಷ.

ನಮ್ಮದು ಕಬ್ಬು ಭತ್ತದ ಜಿಲ್ಲೆ. ಕಬ್ಬಿನ ಬುಡಕ್ಕೆ ಹರಳು ಔಷಧಿ ಹಾಕುವುದು ಬಹುಕಾಲದ ರೂಢಿ. ಅದರಲ್ಲಿ ಫೋರೇಟ್ ಎಂಬುದೊಂದು. ಕೇಂದ್ರ ಸರ್ಕಾರ ಅದರ ಮಾರಾಟವನ್ನು 2020ರ ಕೊನೆಗೆ ನಿಲ್ಲಿಸಿತು. ಈ ಹರಳುಗಳು ಮಣ್ಣಿನ ಮೇಲೆ ಉಳಿದರೆ ಹಕ್ಕಿಗೆ ಅವು ಕಾಳಿನಂತೆ ಕಾಣುತ್ತವೆ. ಹಕ್ಕಿಗೆ ಹಲ್ಲಿಲ್ಲ. ತಿಂದದ್ದನ್ನು ಅರೆಯಲು ಅದು ಸಣ್ಣ ಕಲ್ಲಿನ ಹರಳು ನುಂಗುತ್ತದೆ. ಆ ಗುಂಗಿನಲ್ಲಿ ವಿಷದ ಹರಳನ್ನೂ ನುಂಗುತ್ತದೆ. ಗೊರವಂಕಕ್ಕೆ ಕೆಲವೇ ಹರಳು ಸಾಕು. ಬಣ್ಣ ಬಳಿದ ಬೀಜೋಪಚಾರದ ಬೀಜವೂ ಅಷ್ಟೇ. ಬಿತ್ತಿ ಉಳಿದದ್ದನ್ನು ತಿಪ್ಪೆಗೆ ಸುರಿಯಬೇಡಿ. ಆಳವಾಗಿ ಹೂಳಿ. ನವಿಲುಗಳು ಸಾಲಾಗಿ ಸತ್ತುಬಿದ್ದ ಸುದ್ದಿ ಪತ್ರಿಕೆಯಲ್ಲಿ ಓದುತ್ತೇವಲ್ಲ, ಎಷ್ಟೋ ಸಲ ಹಿಂದಿರುವುದು ಇಂಥ ಬೀಜವೇ. ಪಕ್ಕದ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ 1981ರಿಂದ ನವಿಲುಧಾಮವಿದೆ. ಆದರೆ ನವಿಲು ಧಾಮದ ಗಡಿ ನೋಡಿ ಮೇಯುವ ಹಕ್ಕಿಯಲ್ಲ.

ಇಲಿ ಪಾಷಾಣವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಪಾಷಾಣ ತಿಂದ ಇಲಿ ಕೂಡಲೇ ಸಾಯುವುದಿಲ್ಲ. ತೂರಾಡುತ್ತ ತಿರುಗುತ್ತದೆ. ಗೂಬೆಗೆ ಅದು ಸುಲಭದ ಬೇಟೆ. ಇಲಿಯ ಹಿಂದೆ ಗೂಬೆಯೂ ಸಾಯುತ್ತದೆ. ಆ ಗೂಬೆ ಬದುಕಿದ್ದರೆ ಬೆಳೆಗಾಲವೆಲ್ಲ ನಿಮ್ಮ ಗದ್ದೆಯ ಇಲಿ ಹಿಡಿಯುತ್ತಿತ್ತು. ಗೂಬೆ ಎಂದರೆ ನಮ್ಮಲ್ಲಿ ಅಪಶಕುನ. ಹಾಲಕ್ಕಿ ಕೂಗಿದರೆ ಶಕುನ ಎಂದು ಬುಡುಬುಡಿಕೆಯವರು ನಡುರಾತ್ರಿ ಬಂದು ಹೇಳಿ ಹೋಗುತ್ತಿದ್ದರು. ಹಾಲಕ್ಕಿ ಎಂಬುದೂ ಒಂದು ಪುಟ್ಟ ಗೂಬೆಯೇ. ಅದರ ಮಾತಿನಿಂದ ಒಳ್ಳೆಯದಾಗುವುದಾದರೆ ಅದರ ದೊಡ್ಡಣ್ಣನಿಂದ ಕೆಟ್ಟದ್ದು ಯಾಕಾಗಬೇಕು? ಗದ್ದೆಯ ನಡುವೆ ಆಳೆತ್ತರದ ಗೂಟ ನೆಟ್ಟು, ಮೇಲೆ ಅಡ್ಡಕ್ಕೆ ಒಂದು ಕಡ್ಡಿ ಕಟ್ಟಿ. ಹಗಲು ಕಾಜಾಣ ಕೂತು ಹುಳು ಹಿಡಿಯುತ್ತದೆ, ರಾತ್ರಿ ಗೂಬೆ ಕೂತು ಇಲಿ ಹಿಡಿಯುತ್ತದೆ. ಭತ್ತ ಹೊಡೆ ಬಿಚ್ಚಿ ಕಾಳು ಕಟ್ಟುವಾಗ ಗೂಟ ಕಿತ್ತುಬಿಡಿ. ಇಲ್ಲವಾದರೆ ಕಾಳು ತಿನ್ನುವವೂ ಬಂದು ಕೂರುತ್ತವೆ.

ಅಪಾಯದ ಮಾತಾಯಿತು. ಈಗ ನೀರು.

ಬೇಸಿಗೆಯಲ್ಲಿ ಹಕ್ಕಿಗೆ ಕಾಳಿಗಿಂತ ನೀರೇ ಕಷ್ಟ. ಇದಕ್ಕೆ ದುಡ್ಡು ಬೇಡ. ಒಡೆದ ಮಡಕೆಯ ಬೋಕಿ ಸಾಕು. ಅಗಲ ಇರಲಿ, ಆಳ ಬೇಡ. ಎರಡು ಬೆರಳು ಮುಳುಗುವಷ್ಟು ನೀರು, ನಡುವೆ ಒಂದು ಕಲ್ಲು. ಸಣ್ಣ ಹಕ್ಕಿ ಕಲ್ಲಿನ ಮೇಲೆ ನಿಂತು ಕುಡಿಯುತ್ತದೆ. ಪಿಕಳಾರ ಇಳಿದು ಮೀಯುತ್ತದೆ. ಪ್ಲಾಸ್ಟಿಕ್ ತಟ್ಟೆಯಲ್ಲಿ ಕಾಲು ಜಾರುತ್ತದೆ. ಲೋಹದ್ದು ಬಿಸಿಲಿಗೆ ಸುಡುತ್ತದೆ. ಮಣ್ಣಿನದೇ ಒಳ್ಳೆಯದು. ಅದನ್ನು ಗಿಡದ ಪಕ್ಕದಲ್ಲಿ ಇಡಿ, ಗಿಡದ ಒಳಗೆ ಬೇಡ. ನಾಲ್ಕು ಹೆಜ್ಜೆ ದೂರ ಇದ್ದರೆ ಪೊದೆಯಲ್ಲಿ ಹೊಂಚು ಹಾಕಿದ ಬೆಕ್ಕು ನೆಗೆಯುವ ಹೊತ್ತಿಗೆ ಹಕ್ಕಿ ಎದ್ದಿರುತ್ತದೆ. ತುಂಬ ದೂರವಿದ್ದರೆ ಹಕ್ಕಿಗೆ ಧೈರ್ಯ ಬರದು.

ನೀರು ಇಟ್ಟವರು ದಿನವೂ ಬದಲಿಸಬೇಕು. ನಾರಿನಿಂದ ಉಜ್ಜಿ ತೊಳೆಯಬೇಕು. ನಿಂತ ನೀರಿನಲ್ಲಿ ಒಂದು ವಾರದೊಳಗೆ ಸೊಳ್ಳೆ ಮರಿ ರೆಕ್ಕೆ ಕಟ್ಟಿಕೊಂಡು ಏಳುತ್ತದೆ, ಮನೆಗೆ ಡೆಂಗಿ ತರುತ್ತದೆ. ಹಕ್ಕಿಯಿಂದ ಹಕ್ಕಿಗೆ ರೋಗ ಹರಡುವುದೂ ಇಂಥ ತಟ್ಟೆಯಿಂದಲೇ. ಕೊಕ್ಕರೆ ಬೆಳ್ಳೂರನ್ನು ನೆನೆಯಿರಿ. 2017ರ ಕೊನೆ ಮತ್ತು 2018ರ ಮೊದಲ ತಿಂಗಳುಗಳಲ್ಲಿ ಅಲ್ಲಿ ಹತ್ತಾರು ಹೆಜ್ಜಾರ್ಲೆಗಳು ಸತ್ತವು. ಹೊಟ್ಟೆಯಲ್ಲಿ ಜಂತುಹುಳು ತುಂಬಿದ್ದವು. ಹುಳು ಬಂದದ್ದು ಕೆರೆಯ ಮೀನಿನ ಮೂಲಕ. ಊರಿನವರು ಮರವನ್ನು ಕಾಯಬಲ್ಲರು. ಹಕ್ಕಿ ಮೇಯುವ ಕೆರೆಗಳನ್ನೆಲ್ಲ ಕಾಯುವುದು ಒಂದು ಊರಿನ ಕೈಲಾಗದು. ನಿಮ್ಮ ಬೋಕಿಯ ನೀರು ಮಾತ್ರ ನಿಮ್ಮ ಕೈಯಲ್ಲೇ ಇದೆ.

ಇನ್ನೊಂದು ಸಣ್ಣ ಸಂಗತಿ. ಕೊಟ್ಟಿಗೆಯ ಪಕ್ಕದ ಕಲಗಚ್ಚಿನ ಬಾನಿ, ಸಿಮೆಂಟಿನ ತೊಟ್ಟಿ. ಅರ್ಧ ಖಾಲಿಯಾದಾಗ ಹಕ್ಕಿ ಒಳಕ್ಕೆ ಬಗ್ಗುತ್ತದೆ, ಜಾರಿ ಬೀಳುತ್ತದೆ. ನುಣುಪು ಗೋಡೆ ಹತ್ತಲಾರದೆ ಮುಳುಗುತ್ತದೆ. ಒಂದು ಒರಟು ಕೋಲನ್ನು ತಳದಿಂದ ಅಂಚಿಗೆ ಓರೆಯಾಗಿ ಇಡಿ. ಹಕ್ಕಿ ಅದನ್ನು ಹಿಡಿದು ಮೇಲೆ ಬರುತ್ತದೆ. ಅಳಿಲೂ ಬರುತ್ತದೆ, ಓತಿಕ್ಯಾತವೂ ಬರುತ್ತದೆ.

ಅಪಾಯ ತೆಗೆದೆವು. ನೀರು ಇಟ್ಟೆವು. ಇನ್ನು ಹಕ್ಕಿಗೆ ಮನೆ ಬೇಕು. ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ. ಹಿತ್ತಲಿನ ಜೀವ ಇರುವುದು ಬೇಲಿಯಲ್ಲಿ.

ಹಿಂದೆ ನಮ್ಮ ಬೇಲಿಸಾಲು ಎಂದರೆ ಏನೇನಿತ್ತು? ಕಳ್ಳಿ, ಕತ್ತಾಳೆ, ತಂಗಡಿ, ಲಕ್ಕಿ, ಆಡುಸೋಗೆ, ನಡುವೆ ಒಂದು ಸೀಗೆ ಬಳ್ಳಿ, ಮೂಲೆಗೆ ಒಂದು ಹೊಂಗೆ. ಆಳೆತ್ತರ, ಮಾರಗಲ. ನಾಯಿ ನುಗ್ಗಲಾರದು, ಹಕ್ಕಿ ನುಗ್ಗಬಲ್ಲದು. ಈಗ ಕಲ್ಲುಕಂಬ, ಮುಳ್ಳುತಂತಿ. ಸ್ವಲ್ಪ ಉಳ್ಳವರಾದರೆ ಕಾಂಪೌಂಡು ಗೋಡೆ. ಅಳತೆಯ ಜಗಳ ತಪ್ಪಿತು, ನಿಜ. ಬೇಲಿ ಅಗಲವಾಗುತ್ತ ಪಕ್ಕದವನ ಜಮೀನು ತಿನ್ನುತ್ತದೆ ಎಂಬ ದೂರೂ ನಿಜ. ಆದರೂ ತಂತಿ ಹಾಕಿದ ಮೇಲೆ ಒಳಗಡೆ ಒಂದು ಸಾಲು ದಾಸವಾಳ, ಲಕ್ಕಿ, ಆಡುಸೋಗೆ ನೆಡಲು ಯಾರೂ ಅಡ್ಡಿ ಮಾಡುವುದಿಲ್ಲ. ಮೂರು ಮಳೆಗೆ ಅದು ಪೊದೆಯಾಗುತ್ತದೆ.

ಆ ಪೊದೆಯಲ್ಲಿ ಏನಾಗುತ್ತದೆ ಎಂದು ಹತ್ತಿರದಿಂದ ನೋಡೋಣ. ಸಿಂಪಿಗ ಎಂಬ ಹಕ್ಕಿ ಇದೆ. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು. ಬೆನ್ನು ಎಲೆಹಸಿರು, ನೆತ್ತಿ ತುಕ್ಕಿನ ಬಣ್ಣ, ಬಾಲ ಸದಾ ಮೇಲೆ. ನೀವು ನೋಡಿರಲಿಕ್ಕಿಲ್ಲ, ಕೇಳಿಯೇ ಇರುತ್ತೀರಿ. ಟುವಿ ಟುವಿ ಟುವಿ ಎಂದು ಇಷ್ಟು ಪುಟ್ಟ ಮೈಯಿಂದ ಅಷ್ಟು ಜೋರಾಗಿ ಕೂಗುತ್ತದೆ. ಗೂಡು ಕಟ್ಟುವಾಗ ಹೆಣ್ಣು ಒಂದು ಅಗಲವಾದ ಎಲೆ ಆರಿಸುತ್ತದೆ. ಬದನೆ ಎಲೆಯೂ ಆದೀತು. ಎಲೆಯ ಎರಡೂ ಅಂಚಿನಲ್ಲಿ ಕೊಕ್ಕಿನಿಂದ ಸಣ್ಣ ತೂತು ಮಾಡುತ್ತದೆ. ಜೇಡನ ಬಲೆಯ ಎಳೆಯನ್ನೋ ಹತ್ತಿಯ ಎಳೆಯನ್ನೋ ತಂದು ಆ ತೂತಿನಲ್ಲಿ ತೂರಿಸುತ್ತದೆ. ಹೊರಗೆ ಬಂದ ತುದಿ ಉಬ್ಬಿ ಗುಂಡಿಯ ಹಾಗೆ ನಿಲ್ಲುತ್ತದೆ. ಗಂಟು ಹಾಕುವುದಿಲ್ಲ, ಆದರೂ ಎಳೆ ಜಾರುವುದಿಲ್ಲ. ಹೀಗೆ ಹೊಲಿಗೆ ಹಾಕಿ ಎಲೆಯನ್ನು ಪೊಟ್ಟಣ ಮಾಡುತ್ತದೆ. ಒಳಗೆ ಮೆತ್ತಗೆ ಹತ್ತಿ, ನಾರು. ಮೂರೋ ನಾಲ್ಕೋ ಮೊಟ್ಟೆ. ಹನ್ನೆರಡು ದಿನಕ್ಕೆ ಮರಿ, ಮತ್ತೆರಡು ವಾರಕ್ಕೆ ಹಾರಾಟ. ಒಂದು ತಿಂಗಳಿಗೆ ಎಲ್ಲ ಮುಗಿಯಿತು. ಎಲೆ ಇನ್ನೂ ಹಸಿರಾಗಿಯೇ ಇರುತ್ತದೆ. ಹೊರಗಿನಿಂದ ನೋಡಿದರೆ ಅದು ಬರೀ ಮುದುಡಿದ ಎಲೆ. ನಮ್ಮ ಕತ್ತರಿಗೆ ಅದು ಗೂಡೆಂದು ತಿಳಿಯುವುದು ಹೇಗೆ?

ಅದಕ್ಕೇ ಹೇಳುವುದು. ಫೆಬ್ರವರಿಯಿಂದ ಮಳೆಗಾಲದ ನಡುವಿನ ತನಕ ಪೊದೆ ಕತ್ತರಿಸಬೇಡಿ. ಕತ್ತರಿಸಲೇಬೇಕಾದರೆ ಒಂದು ಗಳಿಗೆ ನಿಂತು ನೋಡಿ. ಒಂದು ಹಕ್ಕಿ ಬಾಯಲ್ಲಿ ಹುಳು ಹಿಡಿದು ನಿಮ್ಮ ಸುತ್ತ ಗಲಾಟೆ ಮಾಡುತ್ತಿದ್ದರೆ ಗೂಡು ಕೈಯಳತೆಯಲ್ಲೇ ಇದೆ. ಕತ್ತರಿ ಒಳಗಿಡಿ. ಸೂರಕ್ಕಿಯದು ಇನ್ನೊಂದು ಬಗೆ. ಅದು ಬಟ್ಟೆ ಒಣಹಾಕುವ ತಂತಿಗೂ ಗೂಡು ನೇತುಹಾಕುತ್ತದೆ. ಜೇಡರ ಬಲೆ, ತೊಗಟೆ ಚೂರು, ಒಣ ಕಸ ಸೇರಿಸಿ ಮಾಡಿದ ಒಂದು ಚೀಲ, ಬಾಗಿಲ ಮೇಲೆ ಮಳೆ ಬೀಳದಂತೆ ಪುಟ್ಟ ಸೂರು. ಜೇಡರ ಬಲೆ ಕಂಡಲ್ಲೆಲ್ಲ ಪೊರಕೆ ಆಡಿಸುವ ಮನೆಯಲ್ಲಿ ಈ ಎರಡು ಹಕ್ಕಿಗೂ ದಾರ ಸಿಗದು. ಮನೆಯೊಳಗೆ ಗುಡಿಸಿ. ಹಿತ್ತಲಿನದು ಇರಲಿ.

ಗಿಡಮರದ ಪಟ್ಟಿ ಕೊಡುವುದಿಲ್ಲ. ನೀವೇ ಬಲ್ಲಿರಿ. ಅತ್ತಿಯೊಂದಿದ್ದರೆ ಕುಟ್ರುಹಕ್ಕಿ ತಾನೇ ಬರುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಟುಂಕ್ ಟುಂಕ್ ಎಂದು ತಾಮ್ರದ ತಗಡು ಬಡಿದಂತೆ ಕೇಳುತ್ತದಲ್ಲ, ಅದು ಕಂಚುಗಾರ ಹಕ್ಕಿ, ಅದೇ ಕುಲದ್ದು. ಅದಕ್ಕೆ ಗೂಡು ಕೊರೆಯಲು ಒಣಕೊಂಬೆ ಬೇಕು. ಮನೆಯ ಮೇಲೆ ಬೀಳುವ ಭಯವಿಲ್ಲದ ಒಣಕೊಂಬೆಯನ್ನು ಮರದಲ್ಲೇ ಬಿಡಿ. ಬಾಳೆಯ ಹೂವಿಗೆ, ನುಗ್ಗೆಯ ಹೂವಿಗೆ ಸೂರಕ್ಕಿ ಬರುತ್ತದೆ. ಜಾಗ ಇದ್ದವರು ಒಂದು ಗಸಗಸೆ ಹಣ್ಣಿನ ಮರ ನೆಡಿ. ಬೇಗ ಬೆಳೆಯುತ್ತದೆ, ವರ್ಷವೆಲ್ಲ ಹಣ್ಣು. ಮಕ್ಕಳಿಗೂ ಹಕ್ಕಿಗೂ ಪೈಪೋಟಿ. ಹಳ್ಳದ ದಂಡೆಯ ಈಚಲು ಮರವನ್ನು ಕಡಿಯಬೇಡಿ. ಗೀಜಗಕ್ಕೆ ಅಲ್ಲಿ ಗೂಡು ತೂಗುಬಿಡಬೇಕು. ಕಬ್ಬಿನ, ಭತ್ತದ ಎಲೆಯನ್ನು ಸೀಳಿ ತಂದು ಗಂಡು ಹಕ್ಕಿ ನೇಯುತ್ತದೆ. ಅರ್ಧ ನೇಯ್ದು ಹೆಣ್ಣನ್ನು ಕರೆಯುತ್ತದೆ. ಹೆಣ್ಣು ಒಪ್ಪದಿದ್ದರೆ ಇನ್ನೊಂದು ಶುರು. ಕಬ್ಬು ಕಡಿದ ಮೇಲೆ ತರಗಿಗೆ ಬೆಂಕಿ ಕೊಡುವ ಮುನ್ನ ನೆನೆಯಿರಿ. ಆ ಗದ್ದೆಯಲ್ಲಿ ಮಲಗುವ, ಅಂಚಿನಲ್ಲಿ ಗೂಡು ಮಾಡುವ ಹಕ್ಕಿಗಳಿವೆ. ತರಗನ್ನು ಸಾಲಿನಲ್ಲಿ ಹೊದಿಸಿದರೆ ತೇವವೂ ಉಳಿಯುತ್ತದೆ.

ಗುಬ್ಬಿಯ ಗೂಡಿನ ಬಗ್ಗೆ ಒಂದೆರಡು ಮಾತು. ನಾಡಹೆಂಚಿನ ಮನೆ ಹೋಗಿ ತಾರಸಿ ಬಂತು. ಗುಬ್ಬಿಗೆ ಸಂದು ಉಳಿಯಲಿಲ್ಲ. ಮಾರ್ಚ್ 20ನ್ನು ವಿಶ್ವ ಗುಬ್ಬಚ್ಚಿ ದಿನ ಎಂದು 2010ರಿಂದ ಆಚರಿಸುತ್ತಾರೆ. ಆ ದಿನ ಶಾಲೆಗಳಲ್ಲಿ ಬಣ್ಣಬಣ್ಣದ ಗೂಡುಪೆಟ್ಟಿಗೆ ಹಂಚುತ್ತಾರೆ. ಅವುಗಳಲ್ಲಿ ಬಹಳಷ್ಟು ಗೋಡೆಯ ಅಲಂಕಾರಕ್ಕೆ ಮಾತ್ರ ಲಾಯಕ್ಕು ಎಂದು ನನ್ನ ಅಭಿಪ್ರಾಯ. ಬಣ್ಣ ಬೇಡ. ಬಾಗಿಲ ಮುಂದೆ ಕೂರುವ ಕಡ್ಡಿ ಬೇಡ. ಅದು ಕಾಗೆಗೆ ಅನುಕೂಲ. ಎರಡು ಬೆರಳಗಲದ ದುಂಡು ಬಾಗಿಲು ಸಾಕು. ದೊಡ್ಡದಾದರೆ ಗೊರವಂಕ ನುಗ್ಗುತ್ತದೆ. ಎರಡಾಳೆತ್ತರಕ್ಕೆ ಸ್ವಲ್ಪ ಕಡಿಮೆ, ಸೂರಿನ ಕೆಳಗೆ, ಮಧ್ಯಾಹ್ನದ ಬಿಸಿಲು ಬೀಳದ ಕಡೆ ಕಟ್ಟಿ. ತಳದಲ್ಲಿ ನೀರು ಇಳಿಯಲು ಸಣ್ಣ ತೂತು. ಕಟ್ಟಿದ ಮೇಲೆ ದಿನಾ ಇಣುಕಬೇಡಿ.

ಅಪಾಯ, ನೀರು, ಬೇಲಿ, ಗೂಡು ಆಯಿತು. ಕೊನೆಗೆ ಆಹಾರ.

ಹಕ್ಕಿಯ ಮರಿಗೆ ಕಾಳು ದಕ್ಕದು. ಗುಬ್ಬಿ ಕಾಳು ತಿನ್ನುವ ಹಕ್ಕಿಯೇ. ಆದರೂ ಮರಿಗೆ ಮೊದಲ ದಿನಗಳಲ್ಲಿ ಅದು ತರುವುದು ಮೆತ್ತನೆಯ ಹುಳು. 1958ರಲ್ಲಿ ಚೀನಾ ದೇಶದವರು ಕಾಳು ತಿನ್ನುತ್ತದೆಂದು ಗುಬ್ಬಿಯ ಮೇಲೆ ಯುದ್ಧ ಹೂಡಿದರು. ಡಬ್ಬ ಬಡಿದು, ಕೂರಗೊಡದೆ, ದಣಿಸಿ ಕೊಂದರು. ಗುಬ್ಬಿ ಹೋಯಿತು, ಬೆಳೆಯ ಮೇಲೆ ಹುಳು ಏರಿತು. 1960ರಲ್ಲಿ ವೈರಿಗಳ ಪಟ್ಟಿಯಿಂದ ಗುಬ್ಬಿಯನ್ನು ತೆಗೆದು ತಿಗಣೆಯನ್ನು ಸೇರಿಸಿದರು. ಹಾಗಾಗಿ ಹಿತ್ತಲಿನ ಬದನೆ ಎಲೆಯಲ್ಲಿ ನಾಲ್ಕು ಹುಳು ಕಂಡ ಕೂಡಲೇ ಸಿಂಪಡಣೆಗೆ ಓಡಬೇಡಿ. ಮನೆ ಅಡಿಗೆಯ ತರಕಾರಿಗೆ ಕೈಯಲ್ಲಿ ಆರಿಸಿ ತೆಗೆದರೆ ಸಾಕು. ತಿಪ್ಪೆಯ ಪಕ್ಕದ ತರಗೆಲೆಯನ್ನೂ ಗುಡಿಸಬೇಡಿ. ಹರಟೆಮಲ್ಲಗಳ ಗುಂಪು ಅದನ್ನು ಮಗುಚಿ ಮಗುಚಿ ಹುಳು ಹೆಕ್ಕುತ್ತದೆ. ಜಗಳವಾಡುತ್ತಲೇ ಹೆಕ್ಕುತ್ತದೆ.

ಕಾಳು ಹಾಕಲೇಬೇಕೆಂಬ ಆಸೆ ಇದ್ದರೆ ರಾಗಿ, ನವಣೆ, ಭತ್ತದ ನುಚ್ಚು ಹಾಕಿ. ಒಂದು ಹೊತ್ತಿಗೆ ತಿಂದು ಮುಗಿಯುವಷ್ಟೇ ಹಾಕಿ. ಉಪ್ಪು, ಕಾರ, ಎಣ್ಣೆ ಬಿದ್ದ ಅನ್ನ ಬೇಡ. ಬಿಸ್ಕತ್ತು ಬೇಡ. ಮೂಟೆಗಟ್ಟಲೆ ಜೋಳ ಸುರಿದರೆ ಬರುವುದು ಪಾರಿವಾಳ, ಕಾಗೆ, ಅವುಗಳ ಹಿಂದೆ ಇಲಿ. ಭತ್ತದ ತೆನೆಯ ಕುಚ್ಚು ಕಟ್ಟಿ ಜಗುಲಿಗೆ ತೂಗುಹಾಕುವ ಪದ್ಧತಿ ಹಿಂದೆ ಇತ್ತು. ಅದು ಚೆಂದ. ತೂಗುವ ತೆನೆಯಿಂದ ಗುಬ್ಬಿ ತಿನ್ನಬಲ್ಲದು, ಪಾರಿವಾಳ ತಿನ್ನಲಾರದು.

ಹೋಗುವ ಮುನ್ನ, ಗೂಡುಗಳಿರುವ ಕಾಲದಲ್ಲಿ ಎಲ್ಲರೂ ಕೇಳುವ ಒಂದು ಪ್ರಶ್ನೆ. ಮರಿ ಕೆಳಗೆ ಬಿದ್ದಿದೆ, ಏನು ಮಾಡಲಿ? ಮೈಮೇಲೆ ಗರಿ ಬಂದು, ಕುಪ್ಪಳಿಸುತ್ತಿದ್ದರೆ ಅದು ಬಿದ್ದ ಮರಿಯಲ್ಲ. ಹಾರಲು ಕಲಿಯುತ್ತಿದೆ. ತಾಯಿ ಹತ್ತಿರದಲ್ಲೇ ಇರುತ್ತದೆ. ಬೆಕ್ಕನ್ನು ಒಳಗೆ ಹಾಕಿ, ಮಕ್ಕಳನ್ನು ಕರೆದುಕೊಂಡು, ನೀವೂ ಒಳಗೆ ಹೋಗಿ. ಗರಿ ಇಲ್ಲದ, ಕಣ್ಣು ಬಿಡದ ಮರಿಯಾದರೆ ಮೆಲ್ಲಗೆ ಎತ್ತಿ ಗೂಡಿಗೆ ಇಡಿ. ಮನುಷ್ಯರ ಕೈ ತಾಗಿದರೆ ತಾಯಿ ಸೇರಿಸುವುದಿಲ್ಲ ಎಂಬುದು ಸುಳ್ಳು. ಗೂಡೇ ಹರಿದಿದ್ದರೆ ಒಂದು ತೆಂಗಿನ ಕರಟಕ್ಕೆ ತೂತು ಮಾಡಿ, ಒಣ ನಾರು ಹಾಸಿ, ಅದೇ ಕೊಂಬೆಗೆ ಬಿಗಿದು ಕಟ್ಟಿ. ಬಾಯಿಗೆ ನೀರು ಹನಿ ಹಾಕಬೇಡಿ, ಉಸಿರಿನ ದಾರಿಗೆ ಹೋಗುತ್ತದೆ. ಹಾಲು, ಅನ್ನ ಯಾವುದೂ ಬೇಡ. ಸಾಕಿಕೊಳ್ಳುವ ಆಸೆಯೂ ಬೇಡ. ಗಿಳಿಯಾದರೂ ಅಷ್ಟೇ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅದನ್ನು ಪಂಜರದಲ್ಲಿಡುವುದು ಅಪರಾಧ. ಗಾಯವಾಗಿದ್ದರೆ ಗಾಳಿಯಾಡುವ ರಟ್ಟಿನ ಡಬ್ಬದಲ್ಲಿ, ಕತ್ತಲಲ್ಲಿ, ಸದ್ದಿಲ್ಲದ ಕಡೆ ಇಟ್ಟು ಅರಣ್ಯ ಇಲಾಖೆಗೆ ಸುದ್ದಿ ಕೊಡಿ. ಗಾಜಿಗೆ ಬಡಿದು ಮಂಕಾಗಿ ಕೂತ ಹಕ್ಕಿಗೂ ಇದೇ ಡಬ್ಬ. ಎಷ್ಟೋ ಹಕ್ಕಿಗಳು ಒಂದೆರಡು ಗಂಟೆಯಲ್ಲಿ ಚೇತರಿಸಿಕೊಳ್ಳುತ್ತವೆ. ಒಳಗೆ ಪರಪರ ಸದ್ದಾದರೆ ಡಬ್ಬವನ್ನು ಹೊರಗೆ ತಂದು ತೆರೆಯಿರಿ, ಕಿಟಕಿಯ ಕಡೆಗಲ್ಲ, ಮರದ ಕಡೆಗೆ.